ಕೊನೆಯ ಬ್ರಾಕೆಟ್, ಕಬ್ಬಿಣದ ಶೂ

ಇಂದಿರಾನಗರದ ಒಂದು ಬಂಗಲೆಯ ಮೇಲಿನ ಮಹಡಿಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿಗಳನ್ನು ಇನ್ನೂ ಯಾರೂ ತೊಳೆದಿಟ್ಟಿರಲಿಲ್ಲ, ಅಷ್ಟರಲ್ಲಿ ನನ್ನ ಹತ್ತಿರದ ಗೆಳೆಯನ ಬೆನ್ನುಮೂಳೆಯ ಕೊನೆಯ ತುಂಡನ್ನು ನಾನು ಒದ್ದು ಮುರಿದೆ. ಅವನ ಕೈಕಾಲುಗಳನ್ನು ನಾಲ್ಕು ಜನ ಹಿಡಿದಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆನೋ ಏನೋ, ನೆನಪಿಲ್ಲ. ನೆನಪಿರುವುದು, ಕಾಲಿಗೆ ಗಟ್ಟಿಯಾಗಿ ತಾಗಿದ್ದೊಂದು ಮರುಕ್ಷಣ ಗಟ್ಟಿಯಾಗಿ ಉಳಿಯದೆ ಹೋದದ್ದು.

ಇದನ್ನು ಹೇಳಬೇಕಾದರೆ ಅಪ್ಪನಿಂದಲೇ ಶುರು ಮಾಡಬೇಕು. ನಮ್ಮಪ್ಪನದು ಮೊದಲು ಏಟು, ಆಮೇಲೆ ಮಾತು. ವಿಮಾನಪುರದ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ, ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬಿಣ ತಿಕ್ಕಿ ತಿಕ್ಕಿ ಅವನ ಅಂಗೈ ಹಲಗೆಯಾಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು, ನಾನಿನ್ನೂ ಪ್ರೈಮರಿ ಶಾಲೆ. ಮನೆಯಲ್ಲೊಂದು ಗಾಜಿನ ಲೋಟ ಒಡೆದಿತ್ತು. ಕಿವಿ ಎರಡು ದಿನ ಗುಂಯ್ ಎನ್ನುವ ಹಾಗೆ ಬಾರಿಸಿದ. ಒಡೆದದ್ದು ಬೆಕ್ಕು ಎಂದು ಮಾರನೆಯ ದಿನ ಪಕ್ಕದ ಮನೆಯಾಕೆ ಬಂದು ಹೇಳಿದಳು. ಅಪ್ಪ ತಲೆ ಕೆರೆದುಕೊಂಡು, “ಹೋಗ್ಲಿ ಬಿಡು, ಮುಂದಿನ್ ತಪ್ಪಿಗೆ ಇಟ್ಕೋ,” ಎಂದ. ಒಂದು ತಪ್ಪು ನನ್ನ ಪಾಲಿಗೆ ಬಾಕಿ ಸಿಕ್ಕಿತಲ್ಲ ಎಂದು ನಾನು ಆ ಸಂಜೆಯೇ ಹೋಗಿ, ನನ್ನ ಗೋಲಿ ಕದ್ದವನ ಮೂಗಿಗೆ ಗುದ್ದಿ ಬಂದೆ. ಅವನು ಕದ್ದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹೀಗೆ ಬೆಳೆದವನು ನಾನು. ಅಪ್ಪನಿಂದ ನನಗೆ ಬಂದದ್ದು ಎರಡು, ಆ ಕೈ ಮತ್ತು ಶೂ. ಕಾರ್ಖಾನೆಯವರು ಅವನಿಗೆ ವರ್ಷಕ್ಕೊಂದು ಜೊತೆ ಶೂ ಕೊಡುತ್ತಿದ್ದರು. ದಪ್ಪ ಕಪ್ಪು ಚರ್ಮ, ತುದಿಯಲ್ಲಿ ಚರ್ಮದ ಕೆಳಗೆ ಕಬ್ಬಿಣದ ಟೊಪ್ಪಿ. ಭಾರವಾದದ್ದೇನಾದರೂ ಕಾಲ ಮೇಲೆ ಬಿದ್ದರೆ ಬೆರಳು ಉಳಿಯಲಿ ಎಂದು. ಅಪ್ಪ ಒಂದು ಜೊತೆಯನ್ನು ಎರಡು ವರ್ಷ ಸವೆಸಿ, ಉಳಿದದ್ದನ್ನು ನನಗೆ ಕೊಡುತ್ತಿದ್ದ. ನಮ್ಮಿಬ್ಬರದೂ ಒಂದೇ ಅಳತೆ. ಕೆಲಸಕ್ಕೆ ಸೇರಿದ ಮೇಲೂ ನಾನು ಅವನ್ನೇ ಹಾಕುತ್ತಿದ್ದೆ. ಬಸ್ಸಿನಲ್ಲಿ ಯಾರು ಕಾಲು ತುಳಿದರೂ ನೋಯುತ್ತಿರಲಿಲ್ಲ.

ಕೆಲಸ ಸಿಕ್ಕಿದ್ದು ನೂರಡಿ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಎರಡು ಸಾವಿರದ ಏಳೋ ಎಂಟೋ. ಕೆಳಗೆ ಸೋಫಾ ಮಾರುವ ಅಂಗಡಿ, ಮೇಲೆ ಹನ್ನೊಂದು ಜನ ನಾವು. ಯಾರು ಕೇಳಿದರೂ ಅವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದೆವು. ಯಾರದೋ ಮಲಗುವ ಕೋಣೆಯಾಗಿದ್ದಲ್ಲಿ ನನ್ನ ಮೇಜು. ಪಕ್ಕದ ಮೇಜು ಅವನದು. ನನಗಿಂತ ಎರಡು ವರ್ಷ ದೊಡ್ಡವನು, ಹಲಸೂರಿನ ಗೌತಮಪುರದವನು. ಮನೆಯಲ್ಲಿ ತಮಿಳು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಕನ್ನಡ. ಅವನ ತಾಯಿ ಬೆಳಿಗ್ಗೆ ಮನೆಯ ಮುಂದೆ ಇಡ್ಲಿ ಹಾಕಿ ಮಾರುತ್ತಿದ್ದರು. ಇವನು ಆರು ವರ್ಷದಿಂದ ಒಂದು ಸಣ್ಣ ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದ. ಅವನ ಮೊಳಕಾಲಿನಿಂದ ಕೆಳಗೆ ಚರ್ಮ ಒಂದು ಕಡೆಯೂ ನೆಟ್ಟಗಿರಲಿಲ್ಲ. ಎದುರಾಳಿಗಳ ಬೂಟಿನ ಮೊಳೆಗಳು ಬರೆದ ಗೀರುಗಳ ಮೇಲೆ ಗೀರು. ಒಬ್ಬ ಅವನ ಎರಡು ಪಕ್ಕೆಲುಬು ಮುರಿದಿದ್ದನಂತೆ. ನೀನೇನು ಮಾಡಿದೆ ಎಂದು ಕೇಳಿದ್ದಕ್ಕೆ, ರೆಫರಿ ಸೀಟಿ ಊದಿದ, ನಾನು ಆಸ್ಪತ್ರೆಗೆ ಹೋದೆ ಎಂದ. ಅಂಥವನ ಪಕ್ಕದಲ್ಲಿ ನನ್ನಂಥವನನ್ನು ಕೂರಿಸಿದ್ದರು.

ವೆಬ್‌ಪುಟಕ್ಕೆ ಜೀವ ಬರಿಸುವ ಭಾಷೆ, ಜಾವಾಸ್ಕ್ರಿಪ್ಟ್, ನನಗೆ ನಿಜವಾಗಿ ಕಲಿಸಿದವನು ಅವನೇ. ಒಂದೇ ಪುಟಕ್ಕೆ ಮೂರು ನಾಲ್ಕು ಜನ ಕೋಡ್ ಬರೆಯುತ್ತಿದ್ದೆವು. ಒಬ್ಬ ಫೋಟೊ ಓಡಿಸುವವನು, ಇನ್ನೊಬ್ಬ ಕ್ಯಾಲೆಂಡರ್ ಮಾಡುವವನು. ಎಲ್ಲರದೂ ಬಂದು ಬೀಳುವುದು ಒಂದೇ ಅಂಗಳಕ್ಕೆ. ಒಂದು ಸಂಖ್ಯೆಗೆ ನಾನಿಟ್ಟ ಹೆಸರನ್ನೇ ಇನ್ನೊಬ್ಬನೂ ಇಟ್ಟರೆ, ಕೊನೆಗೆ ಬಂದವನದು ಉಳಿಯುತ್ತದೆ, ಮೊದಲಿನವನದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಹಾಗಾಗದಂತೆ ಪ್ರತಿಯೊಬ್ಬನೂ ತನ್ನದಕ್ಕೊಂದು ಕಾಂಪೌಂಡ್ ಕಟ್ಟಿಕೊಳ್ಳಬೇಕು. ಬರೆದದ್ದನ್ನೆಲ್ಲ ಹೆಸರಿಲ್ಲದ ಒಂದು ಫಂಕ್ಷನ್ನಿನೊಳಗೆ ಹಾಕಿದರೆ, ಒಳಗೆ ಹುಟ್ಟಿದ ಹೆಸರು ಹೊರಗೆ ಬರುವುದಿಲ್ಲ. ಆದರೆ ಫಂಕ್ಷನ್ ಎಂದರೆ ಯಾರಾದರೂ ಕರೆಯುವವರೆಗೆ ಸುಮ್ಮನೆ ಕೂತಿರುವಂಥದ್ದು, ಕರೆಯೋಣ ಎಂದರೆ ಇದಕ್ಕೆ ಹೆಸರೇ ಇಲ್ಲ. ಫಂಕ್ಷನ್ ಎಂಬ ಪದದಿಂದಲೇ ಸಾಲು ಶುರು ಮಾಡಿದರೆ ಬ್ರೌಸರು ಹೆಸರೆಲ್ಲಿ ಎಂದು ತಕರಾರು ತೆಗೆಯುತ್ತದೆ. ಅದಕ್ಕೆ ಮೊದಲೊಂದು ಬ್ರಾಕೆಟ್ ತೆರೆಯಬೇಕು, ಫಂಕ್ಷನ್ನನ್ನು ಪೂರ್ತಿ ಬರೆದು ಬ್ರಾಕೆಟ್ ಮುಚ್ಚಬೇಕು, ಅದರ ಬೆನ್ನಿಗೇ ಒಂದು ಖಾಲಿ ಬ್ರಾಕೆಟ್ ಜೋಡಿ ಇಡಬೇಕು. ಈಗಲೇ ಓಡು ಎನ್ನುವುದು ಆ ಖಾಲಿ ಜೋಡಿ. ಹುಟ್ಟಿದ ಕೂಡಲೇ ಓಡುತ್ತದೆ, ಒಂದೇ ಸಲ ಓಡುತ್ತದೆ, ಯಾರು ಬಂದು ಹೋದರೆಂಬ ಗುರುತು ಉಳಿಯುವುದಿಲ್ಲ.

ಇದು ನಮ್ಮಪ್ಪ ಕಣೋ ಎಂದೆ. ಅವನು ಕುರ್ಚಿ ಹಿಂದಕ್ಕೆ ಬಾಗುವಷ್ಟು ನಕ್ಕ.

ನಮ್ಮ ಮೊದಲ ಹೊಡೆದಾಟವೂ ಇದೇ ಬ್ರಾಕೆಟ್ಟಿಗೆ ಆಯಿತು. ಖಾಲಿ ಜೋಡಿಯನ್ನು ನಾನು ದೊಡ್ಡ ಬ್ರಾಕೆಟ್ ಮುಚ್ಚಿದ ಮೇಲೆ, ಹೊರಗೆ ಇಡುತ್ತಿದ್ದೆ. ಅವನು ಮುಚ್ಚುವ ಮೊದಲೇ, ಒಳಗೆ ಇಡುತ್ತಿದ್ದ. ಎರಡೂ ಓಡುತ್ತವೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ದಿನ ನಾನು ಟೀ ಕುಡಿದು ಬರುವಷ್ಟರಲ್ಲಿ, ನೋಡಲು ಎಲ್ಲ ಒಂದೇ ಥರ ಇರಲಿ ಎಂದು, ನನ್ನ ಹದಿನಾಲ್ಕು ಫೈಲುಗಳಲ್ಲಿ ಬ್ರಾಕೆಟ್ಟುಗಳನ್ನು ಒಳಗೆ ಸರಿಸಿಟ್ಟಿದ್ದ. ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೀಬೋರ್ಡ್ ಕಿತ್ತು ಅವನ ಭುಜಕ್ಕೆ ಬಾರಿಸಿದೆ. ಕೀಲಿಗಳೆಲ್ಲ ಕಡಲೆಪುರಿಯ ಹಾಗೆ ನೆಲಕ್ಕೆ ಚೆಲ್ಲಿದವು. ಅವನು ನನ್ನ ಎರಡೂ ಕೈ ಹಿಡಿದು, ನನ್ನ ಉಸಿರು ಇಳಿಯುವವರೆಗೆ ಗೋಡೆಗೆ ಒತ್ತಿ ನಿಲ್ಲಿಸಿದ್ದ. ಅವನ ಬಿಳಿ ಅಂಗಿಯ ಭುಜದ ಮೇಲೆ ರಕ್ತದ ಗೆರೆ ಮೂಡಿತ್ತು.

ಬಾಸ್ ನನ್ನನ್ನು ಒಳಗೆ ಕರೆದು, ಇದೇ ಕೊನೆ ಎಂದರು. ಇನ್ನೊಂದು ಸಲ ನನ್ನಿಂದ ಏನಾದರೂ ಆದರೆ, ಸಣ್ಣದೋ ದೊಡ್ಡದೋ, ಬ್ಯಾಗ್ ತೆಗೆದುಕೊಂಡು ಹೊರಡುವುದೇ. ಆಫೀಸಿಗೆಲ್ಲ ಇದು ಗೊತ್ತಾಯಿತು. ಅವನಿಗೂ ಗೊತ್ತಾಯಿತು. ನಾನು ಮುಖ ಊದಿಸಿಕೊಂಡು ಬಂದು ಕೂತೆ. ಆ ವಾರವೇ ಒಂದು ಹೊಸ ಕೆಲಸ ಬಂದಿತ್ತು. ಕೆ.ಆರ್. ಪುರದ ಕಡೆಯ ಒಂದು ಕಲ್ಯಾಣ ಮಂಟಪ, ಒಂದೇ ಕಾಂಪೌಂಡಿನಲ್ಲಿ ಮೂರು ಹಾಲ್. ಯಾವ ದಿನ ಯಾವ ಹಾಲ್ ಬೇಕೆಂದು ಜನ ಪುಟದಲ್ಲೇ ಕಾದಿರಿಸಬೇಕು. ಕ್ಯಾಲೆಂಡರ್ ಅವನಿಗೆ, ಮೇಲೆ ಓಡುವ ಫೋಟೊಗಳು ನನಗೆ. ನಿನ್ನ ಬ್ರಾಕೆಟ್ಟೂ ಬೇಡ, ನನ್ನ ಬ್ರಾಕೆಟ್ಟೂ ಬೇಡ ಎಂದು ಹಲ್ಲು ಕಚ್ಚಿಕೊಂಡು, ನನ್ನ ಕೋಡನ್ನು ಯಾವ ಕಾಂಪೌಂಡೂ ಇಲ್ಲದೆ ಬರಿಮೈಯಲ್ಲಿ ಬರೆದು ಸೈಟಿಗೆ ಏರಿಸಿದೆ. ಫೋಟೊ ಚೆನ್ನಾಗಿಯೇ ಓಡಿತು. ನಾನದನ್ನು ಮರೆತೂಬಿಟ್ಟೆ.

ನಮ್ಮನ್ನು ಮತ್ತೆ ಮಾತಾಡಿಸಿದ್ದು ಅಪ್ಪ ತಂದ ಸುದ್ದಿ. ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಇಬ್ಬರನ್ನು ತೆಗೆದುಕೊಳ್ಳುತ್ತಾರಂತೆ. ತಂಡಕ್ಕೆ ಸೇರಿದರೆ ಕಾರ್ಖಾನೆಯಲ್ಲೇ ಕಾಯಂ ಕೆಲಸ, ಕ್ವಾರ್ಟರ್ಸ್, ಬೆಳಿಗ್ಗೆ ಡ್ಯೂಟಿ, ಮಧ್ಯಾಹ್ನ ಆಟ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಯ ಮೈದಾನದಲ್ಲಿ ಆಡಿಸಿ ನೋಡುತ್ತಾರೆ. ವಯಸ್ಸಿನ ಮಿತಿಗೆ ಅವನಿಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಅರ್ಜಿಯನ್ನು ನಾನೇ ತಂದುಕೊಟ್ಟೆ. ತುಂಬುವಾಗ ಅವನು ತನ್ನ ಹುಟ್ಟಿದ ದಿನವನ್ನೇ ಎರಡು ಸಲ ತಪ್ಪು ಬರೆದು ಹೊಡೆದುಹಾಕಿದ. ಪಕ್ಕೆಲುಬು ಮುರಿದದ್ದನ್ನು ನಗುತ್ತಾ ಹೇಳಿದ ಮನುಷ್ಯ ಅವನು. ಇದು ಹೋದರೆ ಇನ್ನಿಲ್ಲ ಮಗಾ ಎಂದ. ಅಂದಿನಿಂದ ದಿನಾ ಐದು ಗಂಟೆಗೆದ್ದು ಹಲಸೂರು ಕೆರೆಯ ಸುತ್ತ ಓಡಿ, ಆಫೀಸಿಗೆ ಬೆವರಿನ ವಾಸನೆ ಹೊತ್ತು ಬರುತ್ತಿದ್ದ.

ಆ ಭಾನುವಾರಕ್ಕೆ ಮೂರು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಆ ಮಂಟಪಕ್ಕೆ ಎರಡು ಮದುವೆಯ ದಿಬ್ಬಣಗಳು ಒಟ್ಟಿಗೆ ಬಂದವು. ಇಬ್ಬರ ಕೈಯಲ್ಲೂ ನಮ್ಮ ವೆಬ್‌ಸೈಟಿನ ಚೀಟಿ, ಇಬ್ಬರೂ ಒತ್ತಿದ್ದು ದೊಡ್ಡ ಹಾಲ್. ಮೊದಲಿನವರು ಒತ್ತಿದ್ದು ಚಿಕ್ಕ ಹಾಲಿನ ಲೆಕ್ಕಕ್ಕೆ ಹೋಗಿ, ದೊಡ್ಡದು ಖಾಲಿ ಎಂದು ತೋರಿಸಿ, ಇನ್ನೊಬ್ಬರಿಗೂ ಸಿಕ್ಕಿಬಿಟ್ಟಿತ್ತು. ಓಲಗದವರ ಎದುರಿಗೇ ಕುರ್ಚಿಗಳು ಹಾರಿದವು. ವರನ ಸೋದರಮಾವನ ಹಣೆ ಒಡೆಯಿತು. ಬಾಗಿಲಿಗೆ ಕಟ್ಟಿದ ಬಾಳೆಕಂಬವನ್ನೇ ಕಿತ್ತು ಹೊಡೆದರಂತೆ.

ಶುಕ್ರವಾರ ಬೆಳಿಗ್ಗೆ ಮಂಟಪದ ಮ್ಯಾನೇಜರ್ ಇನ್ನಿಬ್ಬರ ಜೊತೆ ನಮ್ಮ ಮೆಟ್ಟಿಲು ಹತ್ತಿ ಬಂದ. ಅವನ ತುಟಿ ಹರಿದು ಹೊಲಿಗೆ ಬಿದ್ದಿತ್ತು. ಮೊದಲು ಎದುರು ಸಿಕ್ಕವನು ನಾನು. ಯಾರು, ಏನು ಎಂದು ಕೇಳಲಿಲ್ಲ, ಕಾಲರ್ ಹಿಡಿದು ಕಪಾಳಕ್ಕೆ ಎರಡು ಬಿಟ್ಟ. ನಾನು ತಿರುಗಿ ಕೈ ಎತ್ತಿದೆ. ಬಾಸ್ ನನ್ನನ್ನು ನೋಡಿದರು. ಎತ್ತಿದ ಕೈ ಇಳಿಸಿದೆ. ಅಪ್ಪನದು ಬಿಟ್ಟರೆ ಅಲ್ಲಿಯವರೆಗೆ ನಾನು ತಿರುಗಿ ಕೊಡದೆ ಬಿಟ್ಟ ಏಟು ಅದೊಂದೇ, ಅದು ಮಧ್ಯಾಹ್ನದವರೆಗೂ ಕೆನ್ನೆಯ ಮೇಲೆ ಉರಿಯುತ್ತಿತ್ತು. ಹಾಲ್ ತಪ್ಪಾಗಿ ಬರೆದುಕೊಂಡದ್ದು ಕ್ಯಾಲೆಂಡರ್. ಕ್ಯಾಲೆಂಡರ್ ಯಾರದು ಎಂದು ಬಾಸ್ ಕೇಳಿದರು. ಅವನು ಎದ್ದು ನಿಂತು, ನಂದು ಸಾರ್ ಎಂದ.

ನಮ್ಮ ಆಫೀಸಿನಲ್ಲಿ ಸೈಟ್ ಕೆಡಿಸಿದವನಿಗೆ ಬಂಪ್ಸ್ ಎಂಬ ಪದ್ಧತಿ ಇತ್ತು. ಕಾಲೇಜಿನಲ್ಲಿ ಹುಟ್ಟುಹಬ್ಬಕ್ಕೆ ಹಾಕುತ್ತಾರಲ್ಲ, ಅದೇ. ನಾಲ್ಕು ಜನ ಕೈಕಾಲು ಹಿಡಿದು ಎತ್ತುವುದು, ಉಳಿದವರು ಕುಂಡಿಗೆ ತಲಾ ಒಂದು ಒದೆ ಕೊಡುವುದು. ಅಲ್ಲಿಗೆ ತಪ್ಪು ಮುಗಿಯಿತು, ಆಮೇಲೆ ಯಾರೂ ಅದರ ಮಾತೆತ್ತುವಂತಿಲ್ಲ, ಬಾಸ್ ಕೂಡ. ಇದಕ್ಕಿದ್ದದ್ದು ಒಂದೇ ನಿಯಮ: ಶೂ, ಚಪ್ಪಲಿ ಬಿಚ್ಚಿ ಒದೆಯಬೇಕು. ಅಂದು ಒಬ್ಬಳು, ಭಾನುವಾರ ಅವನ ಆಟ ಇದೆ, ಬಿಟ್ಟುಬಿಡ್ರೋ ಎಂದಳು. ಅವನೇ, “ಬೇಗ ಹಾಕಿ ಮುಗಿಸ್ರಪ್ಪಾ,” ಎಂದು ಕೈ ಚಾಚಿದ. ಬಾಗಿಲ ಬಳಿ ಶೂಗಳು ರಾಶಿ ಬಿದ್ದವು. ಕಾಲುಚೀಲದ ಕಾಲುಗಳು ಒಂದೊಂದಾಗಿ ಮೆತ್ತಗೆ ತಟ್ಟಿ ಹೋದವು.

ನನ್ನ ಶೂ ಲೇಸಿಗೆ ಎರಡು ಗಂಟು ಹಾಕುವ ಅಭ್ಯಾಸ. ಬಗ್ಗಿ ಬಿಚ್ಚಲು ಅರ್ಧ ನಿಮಿಷ ಬೇಕು. ಕೆನ್ನೆ ಉರಿಯುತ್ತಿತ್ತು, ಇವನ ತಪ್ಪಿಗೆ ನಾನು ಏಟು ತಿಂದೆ ಎಂಬುದೊಂದೇ ತಲೆಯಲ್ಲಿತ್ತು. ಬಗ್ಗಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಒದ್ದೆ.

ಅವನು ಕೂಗಲಿಲ್ಲ. ಹಿಡಿದವರು ಇನ್ನೂ ನಗುತ್ತಲೇ ಅವನನ್ನು ನೆಲಕ್ಕೆ ಇಳಿಸಿದರು, ಅವನು ಕೂರಲಾಗದೆ ಮಗ್ಗುಲಿಗೆ ಹೊರಳಿ ಅಲ್ಲೇ ವಾಂತಿ ಮಾಡಿದ. ಆಗ ನಗು ನಿಂತಿತು. ನನ್ನ ಬೆನ್ನಿಗೇ ಇನ್ನಿಬ್ಬರ ಕಾಲೂ ತಾಗಿದ್ದರಿಂದ ಯಾರ ಒದೆ ಎಂದು ಯಾರಿಗೂ ಖಚಿತವಿರಲಿಲ್ಲ, ಅವನ ಮುಖವೂ ಕೈ ಹಿಡಿದವರ ಕಡೆಗಿತ್ತು. ನನ್ನ ಕಾಲು ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಇಬ್ಬರು ಅವನನ್ನು ಆಟೊದಲ್ಲಿ ಕರೆದುಕೊಂಡು ಹೋದರು. ಆಟೊದಲ್ಲಿ ಕೂರಲಾಗದೆ ಅವನು ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ, ಕಂಬಿ ಹಿಡಿದುಕೊಂಡಿದ್ದ. ಹಿಂದಿನ ಸಣ್ಣ ಕಿಟಕಿಯಲ್ಲಿ ಅವನ ಮುಖ ನೂರಡಿ ರಸ್ತೆ ಸೇರುವವರೆಗೂ ನನಗೆ ಕಾಣುತ್ತಿತ್ತು. ಮೂಳೆ ಮುರಿದಿದೆ, ಆರು ವಾರ ಕೂರುವಂತಿಲ್ಲ, ಓಡುವ ಮಾತೇ ಇಲ್ಲ ಎಂದು ಸಂಜೆಯ ಹೊತ್ತಿಗೆ ಫೋನ್ ಬಂತು.

ಕ್ಯಾಲೆಂಡರ್ ಸರಿಮಾಡುವ ಕೆಲಸವನ್ನು ಬಾಸ್ ನನಗೇ ಒಪ್ಪಿಸಿದ್ದರು. ಅವನ ಫೈಲ್ ತೆರೆದು ಎರಡು ಗಂಟೆ ಹುಡುಕಿದೆ. ಮೊದಲ ಬ್ರಾಕೆಟ್ಟಿನಿಂದ ಕೊನೆಯ ಖಾಲಿ ಜೋಡಿಯವರೆಗೆ ಒಂದು ತಪ್ಪೂ ಇರಲಿಲ್ಲ. ಆಮೇಲೆ ಕಂಡಿತು. ಜನ ಈಗ ಯಾವ ಹಾಲ್ ನೋಡುತ್ತಿದ್ದಾರೆ ಎಂಬ ಸಂಖ್ಯೆಗೆ ನಾವು ಪುಟದಲ್ಲಿ ಒಂದು ಹೆಸರಿಟ್ಟಿದ್ದೆವು. ಅವನ ಕ್ಯಾಲೆಂಡರ್ ಅದನ್ನು ಓದಿ ಹಾಲ್ ತಿಳಿದುಕೊಳ್ಳುತ್ತಿತ್ತು. ಈಗ ಯಾವ ಫೋಟೊ ಓಡುತ್ತಿದೆ ಎಂಬ ಸಂಖ್ಯೆಗೆ ನಾನೂ ಅದೇ ಹೆಸರಿಟ್ಟಿದ್ದೆ. ನನ್ನ ಕೋಡಿನ ಸುತ್ತ ಫಂಕ್ಷನ್ ಇದ್ದಿದ್ದರೆ ಅದು ಒಳಗೇ ಇರುತ್ತಿತ್ತು. ಇರಲಿಲ್ಲ. ನಾಲ್ಕು ಸೆಕೆಂಡಿಗೊಮ್ಮೆ ನನ್ನ ಫೋಟೊ ಬದಲಾದಾಗಲೆಲ್ಲ ಅವನ ಹಾಲ್ ಬದಲಾಗುತ್ತಿತ್ತು.

ಎದ್ದು ಬಚ್ಚಲಿಗೆ ಓಡಿ ಗೋಡೆಗೆ ಗುದ್ದಿದೆ, ಗೆಣ್ಣುಗಳ ಚರ್ಮ ಸುಲಿಯಿತು. ವಾಪಸ್ ಬಂದು ನನ್ನ ಕೋಡಿನ ಮೇಲೊಂದು ಬ್ರಾಕೆಟ್ ತೆರೆದೆ, ಕೆಳಗೆ ಮುಚ್ಚಿದೆ. ಖಾಲಿ ಜೋಡಿಯನ್ನು ಅವನ ಹಾಗೆ ಒಳಗೇ ಇಟ್ಟೆ. ಏರಿಸಿದೆ. ಯಾವ ಫೈಲನ್ನು ಯಾರು ಯಾವಾಗ ತಿದ್ದಿದರು ಎಂದು ನಮ್ಮಲ್ಲಿ ಬರೆದಿಡುತ್ತಿರಲಿಲ್ಲ. ಸರಿಹೋಯ್ತು ಸಾರ್ ಎಂದೆ. ಏನಾಗಿತ್ತು ಎಂದು ಬಾಸ್ ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನಷ್ಟು ಹೇಡಿ ಆ ಮಹಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ನಿನ್ನ ಫ್ರೆಂಡು ರೆಡಿನಾ ಎಂದು ಶನಿವಾರ ಅಪ್ಪ ಕೇಳಿದ. ಬಂಪ್ಸಿನಲ್ಲಿ ಮೂಳೆ ಮುರಿಯಿತು ಎಂದೆ. ಯಾರು ಒದ್ದಿದ್ದು ಎಂದ. ಎಲ್ಲರೂ ಎಂದೆ. ಅಪ್ಪ ಬಾಗಿಲ ಬಳಿಯಿದ್ದ ಶೂಗಳ ಕಡೆ ಒಂದು ಸಲ ನೋಡಿ, ಪೇಪರ್ ಮಡಿಸಿಟ್ಟು ಒಳಗೆ ಹೋದ.

ಭಾನುವಾರ ಎಂಟು ಗಂಟೆಗೆ, ಮೈದಾನದಲ್ಲಿ ಸೀಟಿ ಊದುವ ಹೊತ್ತಿಗೆ, ನಾನು ಗೌತಮಪುರದ ಅವನ ಮನೆ ಬಾಗಿಲಲ್ಲಿ ನಿಂತಿದ್ದೆ. ಶೂ ಹೊರಗೆ ಬಿಚ್ಚಿದೆ. ಆ ಎರಡು ಗಂಟುಗಳನ್ನು ಬಿಡಿಸಲು ಅರ್ಧ ನಿಮಿಷವೇ ಹಿಡಿಯಿತು. ಅವನ ತಾಯಿ ಇಡ್ಲಿ ಪಾತ್ರೆಯ ಮುಂದಿನಿಂದ ಎದ್ದು, “ಒಳಗ್ ಬಾ ಪಾ, ಮಲ್ಗವ್ನೆ,” ಎಂದರು. ಅವನು ಚಾಪೆಯ ಮೇಲೆ ಬೋರಲು ಮಲಗಿದ್ದ. ಪಕ್ಕದಲ್ಲಿ ಫುಟ್‌ಬಾಲ್ ಬೂಟು, ಒರೆಸಿ ಇಟ್ಟದ್ದು.

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಫೋಟೊ, ಹೆಸರು, ಬ್ರಾಕೆಟ್ ಹಾಕದೆ ಬಿಟ್ಟದ್ದು, ಒದ್ದದ್ದು ನಾನೇ ಎಂಬುದು. ಅವನು ಹತ್ತಿರ ಬಾ ಎಂದು ಸನ್ನೆ ಮಾಡಿದ. ಮಂಡಿಯೂರಿ ಬಗ್ಗಿದೆ. ಮೊಣಕೈ ಊರಿ ಮೇಲೆದ್ದು ಬಾಯಿಗೆ ಸರಿಯಾಗಿ ಒಂದು ಗುದ್ದಿದ. ಕೆಳಗಿನ ಒಂದು ಹಲ್ಲು ಅರ್ಧ ಮುರಿದು ನಾಲಿಗೆ ಮೇಲೆ ಬಿತ್ತು. ಹಾಗೆ ಗುದ್ದುವಾಗ ಸೊಂಟ ತಿರುಗಿತಲ್ಲ, ನನಗಿಂತ ಜೋರಾಗಿ ಅವನೇ ಕಿರುಚಿದ. ದಿಂಬು ಕಚ್ಚಿಕೊಂಡು ತುಂಬ ಹೊತ್ತು ನಡುಗಿದ. ನಾನು ಬಾಯಿಯ ರಕ್ತ ನುಂಗುತ್ತಾ ಕಾದೆ.

“ನಂಗೆ ಶುಕ್ರವಾರ ಬೆಳಗ್ಗೆನೇ ಗೊತ್ತಾಯ್ತು,” ಎಂದ, ಮುಖ ಗೋಡೆಯ ಕಡೆಗೇ ಇತ್ತು. “ಆ ಮ್ಯಾನೇಜರ್ ನಿಂಗೆ ಹೊಡೀತಿದ್ದಾಗ ನಾನು ನಿನ್ ಫೈಲೇ ನೋಡ್ತಿದ್ದೆ. ನಿಂದು ಅಂದಿದ್ರೆ ನಿನ್ನ ಮನೆಗ್ ಕಳಿಸ್ತಿದ್ರು. ಬಂಪ್ಸ್ ತಾನೆ, ತಿಂದ್ರಾಯ್ತು ಅಂದ್ಕೊಂಡೆ.” ಉಸಿರು ಎಳೆದುಕೊಂಡ. “ನೀನು ಶೂ ಬಿಚ್ತೀಯ ಅಂದ್ಕೊಂಡೆ ಮಗಾ.”

ಇದನ್ನು ಆಫೀಸಿನಲ್ಲಿ ಹೇಳಬೇಡ ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ನಾನು ಹೇಳಲಿಲ್ಲ. ಆರು ವಾರದ ಮೇಲೆ ಅವನು ಗಾಳಿ ತುಂಬಿದ ರಬ್ಬರ್ ಚಕ್ರ ತಂದು ಅದರ ಮೇಲೆ ಕೂತು, ಇನ್ನೂ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೆಲಸ ಮಾಡಿದ. ಆ ಎರಡು ಮದುವೆಗಳ ತಪ್ಪು ಅಲ್ಲಿದ್ದವರ ಲೆಕ್ಕದಲ್ಲಿ ಇವತ್ತಿಗೂ ಅವನದೇ.

ಆ ಭಾನುವಾರ ನಾನು ಹೊರಗೆ ಬಂದಾಗ ಅವನ ತಾಯಿ ಹೊಸ್ತಿಲ ಬಳಿ ನಿಂತಿದ್ದರು. ಕೈಯಲ್ಲಿ ನನ್ನದೊಂದು ಶೂ. ಅದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಒತ್ತಲಾಗಲಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

“ಇರುಂಬಾ ಪಾ?” ಎಂದು ತಮಿಳಿನಲ್ಲೇ ಕೇಳಿದರು.

ಹೌದಮ್ಮಾ, ಕಬ್ಬಿಣ ಎಂದೆ. ಅವರು ಅದನ್ನು ಇನ್ನೊಂದರ ಪಕ್ಕಕ್ಕೆ ನೆಟ್ಟಗೆ ಜೋಡಿಸಿಟ್ಟು ಒಳಗೆ ಹೋದರು.